ಕತ್ತಿಯ ಲೆಕ್ಕ: ಯುದ್ಧದಲ್ಲಿ ಮಡಿದವರ ಕುರಿತ ಸಾರ್ವಜನಿಕ ಮನೋಭಾವವೂ ಸಭೆಯ ಶೋಕವೂ

ತನ್ನ ಸೈನಿಕರ ಎಷ್ಟು ಸಾವುಗಳನ್ನು ಒಂದು ದೇಶದ ಜನತೆ ತಾಳಿಕೊಂಡೀತು? ಆಧುನಿಕ ಯುದ್ಧಗಳ ಕುರಿತು ಬರೆದ ರಾಜ್ಯಶಾಸ್ತ್ರಜ್ಞರು ಕಳೆದ ಐದು ದಶಕಗಳಲ್ಲಿ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ್ದಾರೆ. ಅವರು ಕೊಟ್ಟ ಉತ್ತರಗಳು ಗ್ರಂಥಾಲಯದೊಳಗೆ ಉಳಿಯಲಿಲ್ಲ. ಯಾವ ಯುದ್ಧಕ್ಕೆ ಹೋಗಬೇಕು, ಯಾವುದರಿಂದ ಹಿಂದೆ ಸರಿಯಬೇಕು, ಎಷ್ಟು ಎತ್ತರದಿಂದ ಬಾಂಬು ಹಾಕಬೇಕು, ಶವಪೆಟ್ಟಿಗೆಗಳ ಚಿತ್ರವನ್ನು ಜನರಿಗೆ ತೋರಿಸಬೇಕೇ ಬೇಡವೇ ಎಂಬ ತೀರ್ಮಾನಗಳನ್ನು ಈ ಉತ್ತರಗಳೇ ರೂಪಿಸಿದವು. ಸಭಾಪಾಲಕರಾಗಿ, ಸಭಾಪಾಲಕರಾಗಲು ಓದುತ್ತಿರುವವರಾಗಿ, ನಾವು ಈ ಚರ್ಚೆಯನ್ನು ಬಲ್ಲವರಾಗಿರಬೇಕು. ಏಕೆಂದರೆ ಆ ಶವಪೆಟ್ಟಿಗೆಗಳಲ್ಲಿ ಕೆಲವು ಕಡೆಗೆ ನಮ್ಮ ಸಭೆಗಳ ಬಾಗಿಲಿಗೇ ಬರುತ್ತವೆ. ಈ ಲೇಖನದಲ್ಲಿ ನಾವು ಆ ಚರ್ಚೆಯ ಎರಡು ಪ್ರಮುಖ ಗ್ರಂಥಗಳ ವಾದವನ್ನು ಪರಿಶೀಲಿಸಿ, ಅವುಗಳೆದುರು ಸಮುವೇಲನ ಎರಡನೆಯ ಪುಸ್ತಕದ ಹನ್ನೊಂದನೆಯ ಅಧ್ಯಾಯವನ್ನೂ, 1982ರಲ್ಲಿ ಲಂಡನ್ನಿನಲ್ಲಿ ಸಾರಲ್ಪಟ್ಟ ಒಂದು ಪ್ರಸಂಗವನ್ನೂ ಇರಿಸಿ ನೋಡಲು ಬಯಸುತ್ತೇವೆ.

ಲೆಕ್ಕದ ಎರಡು ವಿಧಾನಗಳು

ಜಾನ್ ಮುಲ್ಲರ್ ಎಂಬ ಅಮೆರಿಕದ ವಿದ್ವಾಂಸರು 1973ರಲ್ಲಿ ಪ್ರಕಟಿಸಿದ ‘ವಾರ್, ಪ್ರೆಸಿಡೆಂಟ್ಸ್ ಅಂಡ್ ಪಬ್ಲಿಕ್ ಒಪಿನಿಯನ್’ ಈ ಚರ್ಚೆಗೆ ಅಡಿಪಾಯ ಹಾಕಿದ ಗ್ರಂಥ. ಕೊರಿಯಾ ಮತ್ತು ವಿಯೆಟ್ನಾಮ್ ಯುದ್ಧಗಳ ಕಾಲದ ಅಭಿಪ್ರಾಯ ಸಂಗ್ರಹಗಳನ್ನು ಹೋಲಿಸಿ ನೋಡಿದ ಅವರು ಒಂದು ಸೂತ್ರವನ್ನು ಕಂಡರು: ಸಾವುನೋವುಗಳ ಸಂಖ್ಯೆ ಹತ್ತು ಪಟ್ಟು ಏರಿದಾಗಲೆಲ್ಲ ಯುದ್ಧಕ್ಕಿರುವ ಜನಬೆಂಬಲ ಶೇಕಡಾ ಸುಮಾರು 15 ಅಂಶಗಳಷ್ಟು ಕುಸಿಯುತ್ತದೆ. ಮೊದಲ ನೂರು ಸಾವುಗಳು ಸಾವಿರಕ್ಕೇರುವಾಗ ಆಗುವ ಕುಸಿತವು, ಮುಂದೆ ಸಾವಿರವು ಹತ್ತು ಸಾವಿರಕ್ಕೇರುವಾಗ ಮಾತ್ರ ಮರುಕಳಿಸುತ್ತದೆ. ಮೊದಮೊದಲಿನ ಸಾವುಗಳಿಗೆ ಜನರು ತೀವ್ರವಾಗಿ ಸ್ಪಂದಿಸುತ್ತಾರೆ, ಬರಬರುತ್ತಾ ಮನಸ್ಸು ಜಡ್ಡುಗಟ್ಟುತ್ತದೆ ಎಂಬುದು ಇದರ ಅರ್ಥ. ಗಣಿತದ ಭಾಷೆಯಲ್ಲಿ ಹೇಳಿದ ಈ ಮಾತು ಮನುಷ್ಯನ ಹೃದಯದ ಕುರಿತ ಒಂದು ಕಠೋರವಾದ ಸಾಕ್ಷಿಯೂ ಆಗಿದೆ.

ಎರಡು ದಶಕಗಳ ತರುವಾಯ ಎಡ್ವರ್ಡ್ ಲುಟ್‌ವಾಕ್ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದರು. ಮನೆಗೆ ಒಂದೋ ಎರಡೋ ಮಕ್ಕಳಿರುವ ಇಂದಿನ ಶ್ರೀಮಂತ ಸಮಾಜಗಳು ಮಗನ ಸಾವನ್ನು ಸಹಿಸಲಾರವು, ಆದುದರಿಂದ ವೀರಯುಗದ ಯುದ್ಧ ಮುಗಿಯಿತು ಎಂಬುದು ಅವರ ವಾದವಾಗಿತ್ತು. ಆ ಕಾಲದ ಘಟನೆಗಳು ಅವರ ಮಾತನ್ನು ಸಮರ್ಥಿಸುವಂತೆ ತೋರಿದವು. 1993ರ ಅಕ್ಟೋಬರ್ 3 ಮತ್ತು 4ರಂದು ಸೊಮಾಲಿಯಾದ ಮೊಗದಿಶುವಿನಲ್ಲಿ 18 ಮಂದಿ ಅಮೆರಿಕನ್ ಸೈನಿಕರು ಮಡಿದರು. ಒಬ್ಬ ಸೈನಿಕನ ಶವವನ್ನು ಬೀದಿಯಲ್ಲಿ ಎಳೆದಾಡಿದ ದೃಶ್ಯವನ್ನು ಆ ದೇಶದ ಮನೆಮನೆಗಳಲ್ಲಿ ಜನರು ಕಂಡರು. ಮುಂದಿನ ಮಾರ್ಚಿಗೆ ಅಮೆರಿಕದ ಸೇನೆ ಅಲ್ಲಿಂದ ಹೊರಟಿತು. ಅದೇ ಕಾಳಗದಲ್ಲಿ ನೂರಾರು ಸೊಮಾಲಿಗಳು ಸತ್ತರು. ಅವರ ಲೆಕ್ಕ ಇಂದಿಗೂ ಅಂದಾಜಿನಲ್ಲೇ ನಿಂತಿದೆ.

ಸಾವಿಗೆ ಅಂಜುವ ಮನೋಭಾವವನ್ನು ಶಾಂತಿಯ ಮನೋಭಾವವೆಂದು ನಾವು ತಪ್ಪಾಗಿ ಎಣಿಸಬಾರದು. 1994ರ ಏಪ್ರಿಲ್‌ನಲ್ಲಿ ರ್ವಾಂಡಾದಲ್ಲಿ ನರಮೇಧ ಆರಂಭವಾದಾಗ ವಿಶ್ವಸಂಸ್ಥೆಯ ಪಡೆಯ 10 ಮಂದಿ ಬೆಲ್ಜಿಯಮ್ ಸೈನಿಕರು ಕೊಲ್ಲಲ್ಪಟ್ಟರು. ಬೆಲ್ಜಿಯಮ್ ತನ್ನ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡಿತು. ಏಪ್ರಿಲ್ 21ರಂದು ಭದ್ರತಾ ಮಂಡಳಿಯು ಶಾಂತಿಪಾಲನಾ ಪಡೆಯನ್ನು ಸುಮಾರು 270 ಮಂದಿಗೆ ಇಳಿಸಲು ತೀರ್ಮಾನಿಸಿತು. ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರು ಹತರಾದರು. ಐದು ವರ್ಷಗಳ ಬಳಿಕ, 1999ರಲ್ಲಿ, ನ್ಯಾಟೋ ಕೂಟವು ಕೊಸೊವೊ ವಿಚಾರದಲ್ಲಿ ಯುಗೊಸ್ಲಾವಿಯದ ಮೇಲೆ 78 ದಿನ ಬಾಂಬು ಹಾಕಿತು. ಅದರ ವಿಮಾನಗಳು ಬಹುಮಟ್ಟಿಗೆ 15,000 ಅಡಿಗಳ ಮೇಲೆಯೇ ಹಾರಿದವು. ಶತ್ರುವಿನ ಕೈಯಿಂದ ನ್ಯಾಟೋದ ಒಬ್ಬ ಸೈನಿಕನೂ ಸಾಯಲಿಲ್ಲ. ಕೆಳಗೆ ಸತ್ತ ನಾಗರಿಕರು ಸುಮಾರು 500 ಮಂದಿ ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಎಣಿಸಿತು. ಒಂದೆಡೆ ನಮ್ಮವರು ಸಾಯಬಾರದೆಂದು ನೆರೆಯವನನ್ನು ಕೈಬಿಟ್ಟದ್ದಾಯಿತು. ಇನ್ನೊಂದೆಡೆ ನಮ್ಮವರು ಸಾಯಬಾರದೆಂದು ಅಪಾಯವನ್ನು ನೆರೆಯವನ ತಲೆಯ ಮೇಲೆ ಹೊರಿಸಿದ್ದಾಯಿತು. ಎರಡರಲ್ಲೂ ಮನೋಭಾವ ಒಂದೇ.

ಎರಡನೆಯ ಗ್ರಂಥವು ಕ್ರಿಸ್ಟೋಫರ್ ಗೆಲ್ಪಿ, ಪೀಟರ್ ಫೀವರ್ ಮತ್ತು ಜೇಸನ್ ರೈಫ್ಲರ್ 2009ರಲ್ಲಿ ಪ್ರಕಟಿಸಿದ ‘ಪೇಯಿಂಗ್ ದ ಹ್ಯೂಮನ್ ಕಾಸ್ಟ್ಸ್ ಆಫ್ ವಾರ್’. ಇದು ಮುಲ್ಲರರ ಸೂತ್ರವನ್ನು ತಿದ್ದುತ್ತದೆ. ಜನರು ಸಂಖ್ಯೆಯನ್ನು ಕಂಡು ಮಾತ್ರ ಹಿಮ್ಮೆಟ್ಟುವುದಿಲ್ಲ. ಯುದ್ಧ ಸರಿಯಾದುದೆಂದೂ, ಅದಕ್ಕಿಂತ ಮುಖ್ಯವಾಗಿ, ಗೆಲುವು ಸಾಧ್ಯವೆಂದೂ ನಂಬಿದರೆ ಅವರು ಬಹಳಷ್ಟು ಸಾವನ್ನು ತಾಳಿಕೊಳ್ಳುತ್ತಾರೆ ಎಂಬುದು ಇದರ ಸಾರ. ಸಾಕ್ಷ್ಯಗಳನ್ನು ಜೋಡಿಸಿದ ರೀತಿಯಲ್ಲಿ ಈ ಗ್ರಂಥ ಎಚ್ಚರಿಕೆಯುಳ್ಳದ್ದು. ಜನಸಾಮಾನ್ಯರನ್ನು ವಿವೇಚನೆಯಿಲ್ಲದ ಹೇಡಿಗಳೆಂದು ಬಗೆಯದೆ, ಕಾರಣ ಕೇಳುವ ಬುದ್ಧಿವಂತರೆಂದು ಬಗೆದದ್ದು ಅದರ ಗುಣ. ಆದರೆ ಆ ಜ್ಞಾನ ಎಲ್ಲಿಗೆ ಹೋಯಿತೆಂಬುದನ್ನೂ ನೋಡಬೇಕು. ಲೇಖಕರಲ್ಲೊಬ್ಬರಾದ ಫೀವರ್ 2005ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಮಂಡಳಿಯ ಸಿಬ್ಬಂದಿಯಲ್ಲಿ ಸೇರಿದರು. ಅದೇ ವರ್ಷದ ನವೆಂಬರ್‌ನಲ್ಲಿ ಇರಾಕಿನಲ್ಲಿ ‘ವಿಜಯ’ಕ್ಕಾಗಿ ರಾಷ್ಟ್ರೀಯ ತಂತ್ರವೆಂಬ ದಾಖಲೆಯನ್ನು ಸರ್ಕಾರ ಹೊರಡಿಸಿತು. ಗೆಲುವಿನ ನಂಬಿಕೆ ಸಾವನ್ನು ಸಹ್ಯವಾಗಿಸುತ್ತದೆ ಎಂದು ತಿಳಿದ ಮೇಲೆ, ಗೆಲುವಿನ ಮಾತನ್ನು ಹೆಚ್ಚಾಗಿ ಆಡುವುದೇ ಉಪಾಯವಾಗಿ ಕಾಣುತ್ತದೆ.

ಎರಡು ಗ್ರಂಥಗಳೂ ಉತ್ತರದಲ್ಲಿ ಬೇರೆಯಾದರೂ ಪ್ರಶ್ನೆಯಲ್ಲಿ ಒಂದೇ. ಎರಡರಲ್ಲಿಯೂ ಸತ್ತವನು ವೆಚ್ಚದ ಒಂದು ಬಾಬತ್ತು. ಜನತೆ ಆ ವೆಚ್ಚಕ್ಕೆ ಒಪ್ಪಿಗೆ ಕೊಡುವ ಅಥವಾ ನಿರಾಕರಿಸುವ ಗ್ರಾಹಕ. ಈ ವಿದ್ವಾಂಸರು ಕ್ರೂರಿಗಳೆಂದು ನಾವು ಹೇಳುತ್ತಿಲ್ಲ. ಅವರು ಇದ್ದುದನ್ನು ಅಳೆದರು. ಆದರೆ ಅಳತೆಗೋಲನ್ನು ಪ್ರಶ್ನಿಸುವ ಕೆಲಸ ದೈವಶಾಸ್ತ್ರದ್ದು. ಆ ಕೆಲಸವನ್ನು ನಮಗಿಂತ ಮೊದಲು ಸತ್ಯವೇದವೇ ಮಾಡಿದೆ.

ಯೋವಾಬನ ವರದಿ

ದಾವೀದನ ಪಾಪದ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ವ್ಯಭಿಚಾರದ ಕಥೆಯಾಗಿ ಬೋಧಿಸುತ್ತೇವೆ. ಅದು ಯುದ್ಧದ ಸಾವುಗಳ ವರದಿಯ ಕಥೆಯೂ ಹೌದು. ರಬ್ಬಾ ಪಟ್ಟಣದ ಮುತ್ತಿಗೆಯಲ್ಲಿ ಊರೀಯನೊಬ್ಬನನ್ನು ಮುಂದೆ ನಿಲ್ಲಿಸಿ ಉಳಿದವರು ಹಿಂದೆ ಸರಿಯಬೇಕೆಂದು ಅರಸನ ಪತ್ರ ಹೇಳಿತ್ತು. ಯೋವಾಬನು ಅದನ್ನು ಹಾಗೆಯೇ ನಡೆಸಲಿಲ್ಲ. ಹಾಗೆ ಮಾಡಿದ್ದರೆ ಕೊಲೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅವನು ಪರಾಕ್ರಮಿಗಳಿದ್ದ ಕಡೆಗೆ ಊರೀಯನನ್ನು ಕಳುಹಿಸಿದನು. ಕಾಳಗದಲ್ಲಿ ದಾವೀದನ ಸೇವಕರಲ್ಲಿ ಹಲವರು ಬಿದ್ದರು, ಊರೀಯನೂ ಬಿದ್ದನು. ಒಂದು ಸಾವನ್ನು ಮುಚ್ಚಲು ಹಲವು ಸಾವುಗಳು ಬೇಕಾದವು. ಆ ಹಲವರ ಹೆಸರನ್ನು ಅಧ್ಯಾಯವು ಹೇಳುವುದಿಲ್ಲ.

ಬಳಿಕ ಯೋವಾಬನು ದೂತನಿಗೆ ಕಲಿಸಿಕೊಟ್ಟ ಮಾತುಗಳನ್ನು ಗಮನಿಸಿರಿ. ಗೋಡೆಯ ಬಳಿಗೆ ಏಕೆ ಹೋದಿರಿ ಎಂದು ಅರಸನು ಸಿಟ್ಟಾದಾನು, ಅಬೀಮೆಲೆಕನ ತಲೆಯ ಮೇಲೆ ಹೆಂಗಸೊಬ್ಬಳು ಬೀಸುವ ಕಲ್ಲನ್ನು ಹಾಕಿದ ಹಳೆಯ ಸಂಗತಿಯನ್ನೂ ಎತ್ತಿಯಾನು. ಆಗ ಊರೀಯನೂ ಸತ್ತನೆಂದು ಹೇಳು ಎಂಬುದು ಆ ಪಾಠ. ನಿಷ್ಪ್ರಯೋಜಕವಾದ ಸಾವುಗಳಿಗೆ ಅರಸನು ಸಿಡುಕುತ್ತಾನೆಂದು ಸೇನಾಪತಿಗೆ ಗೊತ್ತು. ಯಾವ ಸುದ್ದಿಯಿಂದ ಆ ಸಿಡುಕು ಇಳಿಯುತ್ತದೆಂಬುದೂ ಗೊತ್ತು. ಸಾವುನೋವಿನ ಸುದ್ದಿಯನ್ನು ಕೇಳುವವನ ಮನಸ್ಸಿಗೆ ಒಗ್ಗುವಂತೆ ಕಟ್ಟಿಕೊಡುವ ಕಲೆ ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದ್ದಲ್ಲ. 1991ರಲ್ಲಿ ಅಮೆರಿಕವು ಡೋವರ್ ವಾಯುನೆಲೆಗೆ ಬರುವ ಶವಪೆಟ್ಟಿಗೆಗಳ ಚಿತ್ರ ತೆಗೆಯುವುದನ್ನು ನಿಷೇಧಿಸಿ, 2009ರವರೆಗೆ ಆ ನಿಷೇಧವನ್ನು ಉಳಿಸಿಕೊಂಡಾಗ, ಅದು ಯೋವಾಬನ ದಾರಿಯಲ್ಲಿಯೇ ನಡೆಯಿತು.

ದಾವೀದನ ಉತ್ತರದಲ್ಲಿ ಅಧ್ಯಾಯದ ತಿರುಳಿದೆ. ಈ ಸಂಗತಿ ನಿನ್ನ ಕಣ್ಣಿಗೆ ಕೆಟ್ಟದ್ದಾಗಿ ಕಾಣದಿರಲಿ, ಕತ್ತಿ ಒಮ್ಮೆ ಇವನನ್ನು, ಒಮ್ಮೆ ಅವನನ್ನು ನುಂಗುತ್ತದೆ ಎಂಬರ್ಥದ ಸಮಾಧಾನವನ್ನು ಅವನು ಯೋವಾಬನಿಗೆ ಕಳುಹಿಸುತ್ತಾನೆ. ಇದು ಸಹಿಷ್ಣುತೆಯ ಭಾಷೆ. ಸಾವಿಗೆ ಕತ್ತಿಯೇ ಕರ್ತೃ. ಪತ್ರ ಬರೆದ ಕೈ ಅಲ್ಲಿ ಕಾಣುವುದಿಲ್ಲ. ಎರಡು ವಚನಗಳ ತರುವಾಯ ಅಧ್ಯಾಯ ಮುಗಿಯುವಾಗ ನಿರೂಪಕನು ಅದೇ ಇಬ್ರಿಯ ನುಡಿಗಟ್ಟನ್ನು ಮತ್ತೆ ಎತ್ತಿಕೊಂಡು, ದಾವೀದನು ಮಾಡಿದ್ದು ಕರ್ತನ ಕಣ್ಣಿಗೆ ಕೆಟ್ಟದ್ದಾಗಿತ್ತು ಎಂದು ತೀರ್ಪುಕೊಡುತ್ತಾನೆ. ಯೋವಾಬನ ಕಣ್ಣಿಗೆ ಕೆಟ್ಟದ್ದಾಗಿ ಕಾಣಬಾರದೆಂದು ಅರಸನು ಬಯಸಿದ್ದು ದೇವರ ಕಣ್ಣಿಗೆ ಕೆಟ್ಟದ್ದಾಗಿ ಕಂಡಿತು. ಅನೇಕ ಭಾಷಾಂತರಗಳಲ್ಲಿ ಈ ಪ್ರತಿಧ್ವನಿ ಮಸುಕಾಗುತ್ತದೆ. ಪ್ರಸಂಗಿಯು ಅದನ್ನು ಕೇಳುವವರಿಗೆ ತೋರಿಸಿಕೊಡಬೇಕು.

ಇನ್ನೊಂದು ಮಾತು. ಅದೇ ಪುಸ್ತಕದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ದಾವೀದನ ಶೂರರ ಪಟ್ಟಿಯಿದೆ. ಅದರ ಕಟ್ಟಕಡೆಯ ಹೆಸರು ಹಿತ್ತಿಯನಾದ ಊರೀಯನದು. ಅವನ ಹೆಸರು ಬಂದ ಮೇಲೆಯೇ ಒಟ್ಟು ಸಂಖ್ಯೆ ಬರುತ್ತದೆ. ಅದಾದೊಡನೆ ಮುಂದಿನ ಅಧ್ಯಾಯದಲ್ಲಿ ದಾವೀದನು ಹೆಸರುಗಳನ್ನು ಬಿಟ್ಟು ಕತ್ತಿ ಹಿಡಿಯುವ ಗಂಡಸರ ಸಂಖ್ಯೆಯನ್ನು ಎಣಿಸಲು ಹೊರಟು ದಂಡನೆಗೆ ಗುರಿಯಾಗುತ್ತಾನೆ. ಮತ್ತಾಯನು ಕ್ರಿಸ್ತನ ವಂಶಾವಳಿಯನ್ನು ಬರೆಯುವಾಗ ಬತ್ಷೆಬೆಯನ್ನು ಊರೀಯನ ಹೆಂಡತಿಯೆಂದೇ ಕರೆದು, ಸತ್ತ ಸೈನಿಕನ ಹೆಸರನ್ನು ಸುವಾರ್ತೆಯ ಮೊದಲ ಪುಟದಲ್ಲಿಯೇ ಉಳಿಸಿದ್ದಾನೆ.

ಹಾಗಾದರೆ ಎಣಿಸುವುದೇ ಪಾಪವೋ? ಈ ಆಕ್ಷೇಪಣೆ ನ್ಯಾಯವಾದದ್ದು. ಅಗಸ್ಟೀನನಿಂದ ಮೊದಲ್ಗೊಂಡು ಬೆಳೆದ ನ್ಯಾಯಯುದ್ಧದ ಸಂಪ್ರದಾಯವು ಆಗುವ ಹಾನಿಯನ್ನು ತೂಗಿ ನೋಡಲೇಬೇಕೆಂದು ಹೇಳುತ್ತದೆ, ಎಣಿಸದೆ ತೂಗಲಾಗದು. ಲೂಕನ ಹದಿನಾಲ್ಕನೆಯ ಅಧ್ಯಾಯದಲ್ಲಿ ನಮ್ಮ ಕರ್ತನೇ ಹತ್ತು ಸಾವಿರ ದಂಡಿನೊಡನೆ ಇಪ್ಪತ್ತು ಸಾವಿರವನ್ನು ಎದುರಿಸಬೇಕಾದ ಅರಸನ ಮಾತೆತ್ತಿದ್ದಾನೆ. ಆದರೆ ಆ ಅರಸನು ಎಣಿಸುವುದು ಯುದ್ಧಕ್ಕೆ ಮುಂಚೆ. ಕೂತು ಯೋಚಿಸಿ, ಆಗದೆಂದು ಕಂಡರೆ ಸಂಧಾನಕ್ಕೆ ರಾಯಭಾರಿಗಳನ್ನು ಕಳುಹಿಸುತ್ತಾನೆ. ಅವನ ಲೆಕ್ಕ ಸಾವನ್ನು ತಡೆಯಲು. ಯೋವಾಬನ ಲೆಕ್ಕ ಆದ ಸಾವನ್ನು ಒಪ್ಪಿಸಲು. ಸಭೆಯು ಮೊದಲನೆಯದನ್ನು ಆಳುವವರಿಂದ ಕೇಳಿ ಪಡೆಯಬೇಕು, ಎರಡನೆಯದಕ್ಕೆ ಧ್ವನಿಯಾಗಬಾರದು.

ಸಂತ ಪೌಲರ ದೇವಾಲಯದ ಪ್ರಸಂಗ

ಸಭೆ ಹೀಗೆ ನಿಂತ ಉದಾಹರಣೆ ಆಧುನಿಕ ಕಾಲದಲ್ಲಿ ಉಂಟೇ? 1982ರ ಫಾಕ್‌ಲೆಂಡ್ಸ್ ಯುದ್ಧ ಏಪ್ರಿಲ್ 2ರಿಂದ ಜೂನ್ 14ರವರೆಗೆ ನಡೆಯಿತು. ಬ್ರಿಟನ್ನಿನ 255 ಸೈನಿಕರೂ ಅರ್ಜೆಂಟೀನಾದ 649 ಮಂದಿಯೂ ಮಡಿದರು. ಮೇ 2ರಂದು ಮುಳುಗಿಸಲ್ಪಟ್ಟ ‘ಜನರಲ್ ಬೆಲ್‌ಗ್ರಾನೊ’ ಎಂಬ ಒಂದೇ ಹಡಗಿನಲ್ಲಿ ಸತ್ತವರು 323 ಮಂದಿ. ಆ ಸುದ್ದಿಗೆ ಬ್ರಿಟನ್ನಿನ ‘ದ ಸನ್’ ಪತ್ರಿಕೆ ಕೊಟ್ಟ ಒಂದೇ ಪದದ ತಲೆಬರಹ, ಬೇಟೆಗಾರನು ಮಿಗ ಸಿಕ್ಕಾಗ ಹಾಕುವ ಕೇಕೆಯಂತಿತ್ತು. ಇಂಥ ವಾತಾವರಣದಲ್ಲಿ ಜುಲೈ 26ರಂದು ಸಂತ ಪೌಲರ ಮಹಾದೇವಾಲಯದಲ್ಲಿ ಆರಾಧನೆ ನಡೆಯಿತು. ಪ್ರಸಂಗಿಸಿದವರು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾದ ರಾಬರ್ಟ್ ರನ್ಸಿ.

ರನ್ಸಿ ಯುದ್ಧವನ್ನು ಕಾಣದ ಪಂಡಿತರಲ್ಲ. ಎರಡನೆಯ ಮಹಾಯುದ್ಧದಲ್ಲಿ ಸ್ಕಾಟ್ಸ್ ಗಾರ್ಡ್ಸ್ ದಳದ ಟ್ಯಾಂಕ್ ಅಧಿಕಾರಿಯಾಗಿ ಮಿಲಿಟರಿ ಕ್ರಾಸ್ ಪದಕ ಪಡೆದವರು. ಅವರು ಸೈನಿಕರ ಧೈರ್ಯವನ್ನು ಗೌರವದಿಂದ ಸ್ಮರಿಸಿದರು. ಯುದ್ಧವು ಮನುಷ್ಯನ ಸೋಲಿನ ಗುರುತೆಂದರು. ಕಡಲಿನ ಎರಡೂ ಕಡೆಗಳಲ್ಲಿ ಜನರು ಅಳುತ್ತಿದ್ದಾರೆಂದೂ, ಅರ್ಜೆಂಟೀನಾದ ಶೋಕತಪ್ತರನ್ನೂ ಪ್ರಾರ್ಥನೆಯಲ್ಲಿ ನೆನೆಯಬೇಕೆಂದೂ ಹೇಳಿದರು. ಮನೆಯಲ್ಲಿ ಕುಳಿತು ನೋಡಿದವರೇ, ಯುದ್ಧವನ್ನು ಬೆಂಬಲಿಸಿದವರಾಗಲಿ ವಿರೋಧಿಸಿದವರಾಗಲಿ, ಕೆಲವೊಮ್ಮೆ ಮನಸ್ಸಿನಲ್ಲಿ ಹೆಚ್ಚು ಹಿಂಸೆಯುಳ್ಳವರೂ ಅಂತರಂಗದಲ್ಲಿ ಏನೂ ತಟ್ಟದವರೂ ಆಗಿ ಉಳಿಯುತ್ತಾರೆಂಬ ಅವರ ಮಾತು, ನಮ್ಮ ದೃಷ್ಟಿಯಲ್ಲಿ, ಮುಲ್ಲರರ ಸೂತ್ರ ಹೇಳದೆ ಬಿಟ್ಟದ್ದನ್ನು ಹೇಳುತ್ತದೆ. ಜನಾಭಿಪ್ರಾಯವು ಸಾವನ್ನು ಸಹಿಸುತ್ತದೋ ಇಲ್ಲವೋ ಎಂಬುದಷ್ಟೇ ವಿಷಯವಲ್ಲ. ಸಾವು ಅದನ್ನು ಮುಟ್ಟಿದೆಯೇ ಎಂಬುದು ವಿಷಯ.

ಆಳುವ ಪಕ್ಷದ ಕೆಲವು ಸಂಸದರು ಈ ಪ್ರಸಂಗವನ್ನು ಬಹಿರಂಗವಾಗಿ ಟೀಕಿಸಿದರು. ಶತ್ರುವಿಗಾಗಿ ಅಳುವುದು ನಮ್ಮವರಿಗೆ ಮಾಡುವ ಅವಮಾನವೆಂಬ ಅವರ ಭಾವನೆ ಹೊಸದಲ್ಲ. ಅಬ್ಷಾಲೋಮನಿಗಾಗಿ ಅಳುತ್ತಿದ್ದ ದಾವೀದನಿಗೆ ಯೋವಾಬನು ಹೇಳಿದ್ದೂ ಅದನ್ನೇ: ದ್ವೇಷಿಸುವವರನ್ನು ಪ್ರೀತಿಸುತ್ತೀ, ಪ್ರಾಣ ಉಳಿಸಿದವರನ್ನು ನಾಚಿಸುತ್ತೀ. ಯೋವಾಬನ ಮಾತಿನಲ್ಲಿ ಸತ್ಯಾಂಶವಿದೆ. ಮಗನನ್ನು ಕಳೆದುಕೊಂಡ ತಾಯಿ ಎದುರಿನ ಪೀಠದಲ್ಲಿ ಕುಳಿತಿರುವಾಗ ಪ್ರಸಂಗಿಯು ಸರ್ವರ ದುಃಖದ ಕುರಿತು ಸಾಮಾನ್ಯವಾದ ಮಾತುಗಳನ್ನಾಡಿದರೆ ಅವಳ ದುಃಖ ಕರಗಿಹೋದಂತಾಗುತ್ತದೆ. ಆದರೆ ರನ್ಸಿ ಹಾಗೆ ಮಾಡಲಿಲ್ಲ. ಅವಳ ಕಣ್ಣೀರನ್ನು ತಗ್ಗಿಸದೆ, ಅದರ ಬಳಿಯಲ್ಲಿ ಇನ್ನೊಬ್ಬ ತಾಯಿಗೆ ಸ್ಥಳ ಮಾಡಿದರು.

ಆದರೂ ಈ ಪ್ರಸಂಗದಲ್ಲಿ ಒಂದು ಕೊರತೆಯನ್ನು ನಾವು ಕಾಣದಿರಲಾರೆವು. ಅದು ಗೆಲುವಿನ ತರುವಾಯ ಬಂದದ್ದು. ಗೆದ್ದವನು ಸೋತವನಿಗಾಗಿ ಅಳುವುದು ಔದಾರ್ಯ. ಹಡಗುಗಳು ಇನ್ನೂ ಹೊರಡುತ್ತಿರುವಾಗ, ಫಲಿತಾಂಶ ತಿಳಿಯದಿರುವಾಗ ಅಳುವುದು ಪ್ರವಾದನೆ. ನಾತಾನನು ಬಂದದ್ದೂ ಊರೀಯನು ಸತ್ತ ಮೇಲೆಯೇ ಎಂಬುದನ್ನು ನೆನೆದು ನಾವು ಈ ಟೀಕೆಯನ್ನು ತಗ್ಗಿದ ಸ್ವರದಲ್ಲಿ ಮಾಡುತ್ತೇವೆ. ಇದರಲ್ಲಿ ರನ್ಸಿಯವರಿಗಿಂತ ನಾವು ಮೇಲೆಂದು ತೋರಿಸಲು ನಮ್ಮ ಬಳಿ ಏನೂ ಇಲ್ಲ.

ನಮ್ಮ ಮನೆಯ ಲೆಕ್ಕ

ಇದೆಲ್ಲ ಪಾಶ್ಚಾತ್ಯರ ಮಾತೆಂದು ನಾವು ಬದಿಗಿಡುವಂತಿಲ್ಲ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯದಲ್ಲಿ ಮಡಿದವರಿಗಾಗಿ ಕಟ್ಟಿದ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳದ್ದಾದರೋ ದಳದ ಹೆಸರಿನ ಕೆಳಗೆ ಬರೀ ಸಂಖ್ಯೆ. ಬೆಂಗಳೂರನ್ನು ನೆಲೆಯಾಗಿ ಉಳ್ಳ ಮದ್ರಾಸ್ ಸ್ಯಾಪರ್ಸ್ ದಳವೂ ಆ ರಣರಂಗದಲ್ಲಿತ್ತು. ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗವು 2021ರ ತನ್ನ ವರದಿಯಲ್ಲಿ ಈ ಅಸಮಾನತೆಯನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಆ ಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಮಂದಿಯ, ಮುಖ್ಯವಾಗಿ ಆಫ್ರಿಕ ಮತ್ತು ಮಧ್ಯಪ್ರಾಚ್ಯದವರ, ಹೆಸರು ಎಲ್ಲಿಯೂ ದಾಖಲಾಗಿಲ್ಲವೆಂದು ಅದು ಹೇಳಿತು. ಹೆಸರಿಲ್ಲದೆ ಎಣಿಸಲ್ಪಟ್ಟವರಲ್ಲಿ ನಮ್ಮ ಅಜ್ಜಂದಿರೂ ಇದ್ದರು.

1999ರ ಕಾರ್ಗಿಲ್ ಯುದ್ಧ ಇನ್ನೊಂದು ಪಾಠ. ಅಧಿಕೃತ ಲೆಕ್ಕದಂತೆ ಭಾರತದ 527 ಸೈನಿಕರು ಮಡಿದರು. ಅವರ ದೇಹಗಳನ್ನು ಊರೂರಿಗೆ ಕಳುಹಿಸಲಾಯಿತು. ದೂರದರ್ಶನದಲ್ಲಿ ದೇಶವೆಲ್ಲ ನೋಡಿತು. ಮುಲ್ಲರರ ಸೂತ್ರದಂತೆ ಬೆಂಬಲ ಕುಗ್ಗಬೇಕಾಗಿತ್ತು; ಅದು ಉಕ್ಕಿತು. ಡೋವರ್‌ನಲ್ಲಿ ಶವಪೆಟ್ಟಿಗೆಯನ್ನು ಮರೆಮಾಡಿದರು, ಇಲ್ಲಿ ಮೆರವಣಿಗೆ ಮಾಡಿದರು. ಮರೆಮಾಡುವುದಕ್ಕಿಂತ ಮೆರವಣಿಗೆ ಎಷ್ಟೋ ಮಾನವೀಯ, ಸಂಶಯವಿಲ್ಲ. ಆದರೆ ಘೋಷಣೆಗಳ ನಡುವೆ ವಿಧವೆಯ ಅಳು ಕೇಳಿಸದೆ ಹೋದರೆ, ಅಲ್ಲಿಯೂ ಸತ್ತವನು ಸಾಧನವಾಗುತ್ತಾನೆ. ಗಡಿಯಾಚೆ ಇನ್ನೂ ಕಠಿಣ ಸ್ಥಿತಿಯಿತ್ತು. ತನ್ನ ಸೈನಿಕರು ಅಲ್ಲಿರಲೇ ಇಲ್ಲವೆಂದು ಪಾಕಿಸ್ತಾನ ಸಾಧಿಸಿತು. ಅವರಲ್ಲಿ ಅನೇಕರ ಶವಗಳನ್ನು ಭಾರತೀಯ ಸೈನಿಕರೇ ಇಸ್ಲಾಮ್ ವಿಧಿಯಂತೆ ಮಣ್ಣುಮಾಡಿದರು. 2010ರಲ್ಲಷ್ಟೇ ಪಾಕಿಸ್ತಾನದ ಸೇನೆ 453 ಹೆಸರುಗಳನ್ನು ಪ್ರಕಟಿಸಿತು. ಹಿಮದ ಬೆಟ್ಟದ ಮೇಲೆ ಶತ್ರುವಿಗೆ ಗುಂಡಿ ತೋಡಿದ ಆ ಸೈನಿಕರು, ಮನೆಯಲ್ಲಿ ಕುಳಿತ ಅನೇಕ ಕ್ರೈಸ್ತರಿಗಿಂತ ಸುವಾರ್ತೆಗೆ ಸಮೀಪವಾಗಿದ್ದರು.

ರಿಚ್ಪಳ ಬಂಡೆ

ಸಮುವೇಲನ ಎರಡನೆಯ ಪುಸ್ತಕದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಸೌಲನ ಉಪಪತ್ನಿಯಾದ ರಿಚ್ಪಳು ಗೋಣೀತಟ್ಟನ್ನು ಬಂಡೆಯ ಮೇಲೆ ಹಾಸಿಕೊಂಡು, ಸುಗ್ಗಿಯ ಆರಂಭದಿಂದ ಮಳೆ ಬೀಳುವವರೆಗೆ, ಗಲ್ಲಿಗೇರಿಸಲ್ಪಟ್ಟ ಏಳು ಮಂದಿಯ ದೇಹಗಳನ್ನು ಹಗಲು ಹಕ್ಕಿಗಳಿಂದಲೂ ಇರುಳು ಕಾಡುಮೃಗಗಳಿಂದಲೂ ಕಾಯ್ದಳು. ಏಳರಲ್ಲಿ ಇಬ್ಬರೇ ಅವಳ ಮಕ್ಕಳು, ಕಾಯ್ದದ್ದು ಏಳನ್ನೂ. ಅವಳು ಒಂದು ಮಾತನ್ನೂ ಆಡಿದ ದಾಖಲೆಯಿಲ್ಲ. ಆದರೆ ಆ ಸುದ್ದಿ ಕೇಳಿ ದಾವೀದನು ಸೌಲ ಯೋನಾತಾನರ ಎಲುಬುಗಳನ್ನೂ ಆ ಏಳು ಮಂದಿಯ ಎಲುಬುಗಳನ್ನೂ ಕೂಡಿಸಿದನು. ಆಮೇಲೆಯೇ ದೇವರು ದೇಶಕ್ಕಾಗಿ ಮಾಡಿದ ಬಿನ್ನಹವನ್ನು ಲಾಲಿಸಿದನೆಂದು ಬರೆದಿದೆ. ಏಳು ಮಂದಿಯನ್ನು ಕೊಂದದ್ದರಿಂದಲೇ ಬರ ತೀರಿತೆಂದು ಪಠ್ಯವು ಹೇಳುವುದಿಲ್ಲ. ಹೂಳಿದ ಮೇಲೆ ಎಂದು ಹೇಳುತ್ತದೆ.

ಫಾಕ್‌ಲೆಂಡ್ಸ್‌ನ ಡಾರ್ವಿನ್ ಸ್ಮಶಾನದಲ್ಲಿ ಇಂಥದೇ ಕಾವಲು ನಡೆಯಿತು. ಯುದ್ಧಾನಂತರ ಜೆಫ್ರಿ ಕಾರ್ಡೊಜೊ ಎಂಬ ಬ್ರಿಟಿಷ್ ಕ್ಯಾಪ್ಟನ್ ಅರ್ಜೆಂಟೀನಾದ ಸೈನಿಕರ ದೇಹಗಳನ್ನು ರಣರಂಗದಿಂದ ಕೂಡಿಸಿ ಅಲ್ಲಿ ಸಮಾಧಿ ಮಾಡಿಸಿದರು. ಪ್ರತಿಯೊಬ್ಬನ ವಿವರವನ್ನೂ ಬರೆದಿಟ್ಟರು. ಗುರುತು ಸಿಗದವರ ಶಿಲುಬೆಗಳ ಮೇಲೆ ದೇವರೊಬ್ಬನಿಗೇ ಗೊತ್ತಿರುವ ಸೈನಿಕನೆಂದು ಬರೆಸಲಾಯಿತು. ಮೂವತ್ತೈದು ವರ್ಷಗಳ ಬಳಿಕ, 2017ರಲ್ಲಿ, ರೆಡ್ ಕ್ರಾಸ್ ಸಂಸ್ಥೆಯ ತಜ್ಞರು ಎರಡೂ ಸರ್ಕಾರಗಳ ಒಪ್ಪಿಗೆಯಿಂದ ಆ ಸಮಾಧಿಗಳನ್ನು ತೆರೆದು ಪರೀಕ್ಷಿಸಿದರು. ಆ ಹಳೆಯ ಟಿಪ್ಪಣಿಗಳು ಆ ಕೆಲಸಕ್ಕೆ ಆಧಾರವಾದವು. ನೂರಕ್ಕೂ ಹೆಚ್ಚು ಮಂದಿಗೆ ಅವರ ಹೆಸರು ಮರಳಿ ದೊರೆಯಿತು. 2018ರಲ್ಲಿ ತಾಯಂದಿರು ಬಂದು ಮಕ್ಕಳ ಹೆಸರಿದ್ದ ಕಲ್ಲನ್ನು ಮುಟ್ಟಿದರು. ದೇವರಿಗೆ ಗೊತ್ತಿರುವುದನ್ನು ಮನುಷ್ಯರೂ ತಿಳಿಯಲು ಪ್ರಯಾಸಪಟ್ಟ ಕಥೆಯಿದು.

ಇದರಿಂದ ನಮ್ಮ ಸೇವೆಗೆ ದೊರೆಯುವ ಮಾರ್ಗದರ್ಶನ ಸರಳವಾದದ್ದು, ಸುಲಭವಾದದ್ದಲ್ಲ. ಜನರ ಸಹಿಷ್ಣುತೆಯನ್ನು ಹೆಚ್ಚಿಸುವುದೂ ತಗ್ಗಿಸುವುದೂ ಪ್ರಸಂಗಪೀಠದ ಕೆಲಸವಲ್ಲ. ಸತ್ತವನ ಹೆಸರನ್ನು ಹೇಳುವುದು, ಅವನು ಕೊಂದಿರಬಹುದಾದವರಿಗಾಗಿಯೂ ಅವನನ್ನು ಕೊಂದವರಿಗಾಗಿಯೂ ಪ್ರಾರ್ಥಿಸುವುದು, ಪತ್ರ ಬರೆದ ಕೈಯನ್ನು ಕತ್ತಿಯ ಹಿಂದೆ ಅಡಗಗೊಡದಿರುವುದು ನಮ್ಮ ಕೆಲಸ. ಮೆರವಣಿಗೆ ಮುಗಿದು ಧ್ವಜವನ್ನು ಮಡಚಿ ಕೊಟ್ಟು ಅಧಿಕಾರಿಗಳು ಹೊರಟ ಮೇಲೆ, ಸುಗ್ಗಿಯಿಂದ ಮಳೆಗಾಲದವರೆಗೆ ಆ ಮನೆಯ ಬಾಗಿಲಿಗೆ ಮತ್ತೆ ಮತ್ತೆ ಹೋಗುವುದೂ ನಮ್ಮ ಕೆಲಸವೇ. ನಮ್ಮ ಆರಾಧನಾ ಕ್ರಮದಲ್ಲಿ ಯುದ್ಧದಲ್ಲಿ ಮಡಿದವರಿಗಾಗಿ ಒಂದು ಪ್ರಾರ್ಥನೆಯನ್ನು ಸೇರಿಸುವುದಾದರೆ ಅದರಲ್ಲಿ ಎರಡೂ ಕಡೆಯವರು ಇರಲಿ. ಅದನ್ನು ಗೆಲುವಿನ ದಿನಕ್ಕಾಗಿ ಕಾದಿರಿಸದೆ, ಸೇನೆ ಹೊರಡುವ ದಿನವೇ ಹೇಳೋಣ.